ಮೊದಲು ಲಾರಿ ಬರುವ ಬಾಗಿಲು ತೋರಿಸಿ

ಕಲಬುರಗಿಯಲ್ಲಿ ರಂಗಾಸಕ್ತರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿದ್ದ ಒಂದು ಸಭೆಯಲ್ಲಿ ಊರ ನಡುವಿನ ರಂಗಮಂದಿರ ಹೇಗಿರಬೇಕು ಎಂಬ ಬಗ್ಗೆ ಆಡಿದ ಮಾತಿನ ಬರಹ ರೂಪ ಇದು. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ಶರಣು ಶರಣಾರ್ಥಿ.

ಹೊಟ್ಟೆಪಾಡಿಗೆ ನಾನು ಮಾಡಿದ್ದು ಕಟ್ಟಡದ ಕೆಲಸ. ಹಗಲೆಲ್ಲ ಸೈಟಿನಲ್ಲಿ ಸಿಮೆಂಟು, ಸೆಂಟ್ರಿಂಗು ನೋಡಿಕೊಂಡು ಸಂಜೆಯಾದರೆ ನಾಟಕದವರ ಹತ್ತಿರ ಹೋಗಿ ಸೆಟ್ಟು ಹೊಡೆಯುವುದು, ಲೈಟು ಕಟ್ಟುವುದು. ಹೀಗೆ ಎರಡೂ ಕಡೆ ಕಾಲಿಟ್ಟುಕೊಂಡಿದ್ದರಿಂದ ಒಂದು ಸಂಗತಿ ಬೇಗ ಕಣ್ಣಿಗೆ ಬಿತ್ತು. ರಂಗಮಂದಿರ ಕಟ್ಟುವವರು ನಾಟಕ ಆಡಿದವರಲ್ಲ. ನಾಟಕ ಆಡುವವರನ್ನು ಪಾಯ ತೋಡುವ ಮುಂಚೆ ಯಾರೂ ಕರೆದು ಕೇಳಿರುವುದಿಲ್ಲ. ಅವರು ಒಳಗೆ ಬರುವುದು ಉದ್ಘಾಟನೆ ಆದ ಮೇಲೆ.

ಬಹಳ ವರ್ಷದ ಹಿಂದೆ ಒಂದು ಊರಲ್ಲಿ, ಹೆಸರು ಬೇಡ, ಆಗಷ್ಟೇ ಕಟ್ಟಿದ ರಂಗಮಂದಿರದಲ್ಲಿ ನಮ್ಮ ನಾಟಕ ಇತ್ತು. ಇಡೀ ನಾಟಕ ನಡೆಯುವುದು ಒಂದು ಹಳೇ ವಾಡೆಯ ಹೆಬ್ಬಾಗಿಲ ಮುಂದೆ. ಆ ಬಾಗಿಲನ್ನು ಆರು ದಿನ ಕೂತು ಕಟ್ಟಿದ್ದೆವು. ಏಳಡಿ ಅಗಲ, ಹತ್ತಡಿ ಎತ್ತರ, ಚೌಕಟ್ಟು ಸಮೇತ ಒಂದೇ ತುಂಡು. ಲಾರಿಯಿಂದ ಇಳಿಸಿ ನೋಡಿದರೆ ಸ್ಟೇಜಿನ ಹಿಂದಿನ ಬಾಗಿಲು ಮನೆಯ ಅಡುಗೆಕೋಣೆಯ ಬಾಗಿಲಿನಷ್ಟಿದೆ. ಮುಂದಿನಿಂದ ತರೋಣವೆಂದರೆ ಫೋಯರಿನಲ್ಲಿ, ಅಂದರೆ ಹಾಲಿನ ಮುಂದಿನ ಪಡಸಾಲೆಯಲ್ಲಿ, ಎರಡು ತಿರುವು. ಸಂಜೆ ನಾಲ್ಕಕ್ಕೆ ಗರಗಸ ತೆಗೆದೆವು. ನಮ್ಮ ಬಡಿಗ ಕಾಕಾ ಕೊಯ್ದು ಮುಗಿಸಿ, ಮೈಮೇಲಿನ ಹೊಟ್ಟು ಕೊಡವಿಕೊಂಡು, "ಆರು ದಿನ ಕೂಡ್ಸಿದ್ದು ಆರು ನಿಮಿಷದಾಗ ಕೊಯ್ದೇವ್ರಿ ಸರ" ಅಂದರು. ಆ ಕಟ್ಟಡದ ಮುಂಭಾಗದಲ್ಲಿ ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ಇತ್ತು, ಚಾವಣಿಗೆ ದೊಡ್ಡ ತೂಗುದೀಪ ಇತ್ತು. ಅಂದಿನಿಂದ ಯಾವ ಊರಿಗೆ ಹೋದರೂ, ಯಾರು ನಕ್ಷೆ ತಂದು ಮುಂದೆ ಹಾಸಿದರೂ, ನಾನು ಕೇಳುವುದು ಒಂದೇ: ಮೊದಲು ಲಾರಿ ಬರುವ ಬಾಗಿಲು ತೋರಿಸಿ.

ಕುರ್ಚಿಯಲ್ಲಿ ಕೂತವರಿಗೆ ರಂಗಮಂದಿರ ಅಂದರೆ ಕುರ್ಚಿ, ಅಂಕಪರದೆ, ಲೈಟು. ನಿಜವಾದ ಕಲಾಕೇಂದ್ರದಲ್ಲಿ ಕುರ್ಚಿಗಳಿರುವ ಜಾಗ ಇಡೀ ಕಟ್ಟಡದ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಬಣ್ಣದ ಕೋಣೆ, ತಾಲೀಮಿನ ಕೋಣೆ, ಸೆಟ್ಟು ಕಟ್ಟುವ ಶೆಡ್ಡು, ಬಟ್ಟೆ ಒಗೆದು ಇಸ್ತ್ರಿ ಮಾಡುವ ಜಾಗ, ಲೈಟಿನ ಕೋಣೆ, ಸಾಮಾನು ಇಳಿಸುವ ಕಟ್ಟೆ, ಗಾಳಿಯ ಯಂತ್ರ. ಇದನ್ನು ಹೇಳಿದರೆ ಕೆಲವರು, "ಇದೆಲ್ಲ ಪರದೇಶದ ಮಾತು, ನಮಗ್ಯಾಕೆ" ಅನ್ನುತ್ತಾರೆ. ಅವರಿಗೆ ನಾನು ಭರತಮುನಿಯ ಲೆಕ್ಕ ತೋರಿಸುತ್ತೇನೆ.

ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯ ಪೂರ್ತಿ ಕಟ್ಟಡದ ವಿಷಯ. ಮೂರು ಆಕಾರ: ಉದ್ದನೆಯದು, ಚೌಕ, ತ್ರಿಕೋನ. ಮೂರು ಅಳತೆ: 108, 64, 32 ಹಸ್ತ. ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲ ಸಾಕು, ಇದಕ್ಕಿಂತ ದೊಡ್ಡದು ಮಾಡಬೇಡಿ ಎನ್ನುತ್ತಾನೆ ಭರತ. ಹಸ್ತ ಅಂದರೆ ಮೊಳ, ಸುಮಾರು ಒಂದೂವರೆ ಅಡಿ. ಅಂದರೆ 96 ಅಡಿಗೆ 48 ಅಡಿ. ದೊಡ್ಡದು ಯಾಕೆ ಬೇಡ ಎಂಬುದಕ್ಕೆ ಎರಡು ಕಾರಣ ಕೊಡುತ್ತಾನೆ. ಆಡಿದ ಮಾತು ಸ್ವರ ಕೆಟ್ಟು ಕೇಳುತ್ತದೆ, ಮುಖದ ಭಾವ ಕಾಣದೆ ಹೋಗುತ್ತದೆ. ಈಗ ಆ 96 ಅಡಿಯನ್ನು ಹೇಗೆ ಹಂಚುತ್ತಾನೆ ನೋಡಿ. ಮುಂದಿನ ಅರ್ಧ ಪ್ರೇಕ್ಷಕರಿಗೆ. ಹಿಂದಿನ ಅರ್ಧವನ್ನು ಮತ್ತೆ ಎರಡು ಮಾಡಿ ಒಂದು ಪಾಲು ರಂಗಕ್ಕೆ, ಇನ್ನೊಂದು ಪಾಲು ನೇಪಥ್ಯಕ್ಕೆ. ಅಂದರೆ ಇಡೀ ಕಟ್ಟಡದ ಕಾಲುಭಾಗ ಬರೀ ಬಣ್ಣ ಹಚ್ಚಿಕೊಂಡು ತಯಾರಾಗುವವರಿಗೆ! 24 ಅಡಿಗೆ 48 ಅಡಿ. ನಾನು ಕೆಲಸ ಮಾಡಿದ ಎಷ್ಟೋ ಕಡೆ ಹತ್ತಡಿಗೆ ಹನ್ನೆರಡಡಿಯ ಒಂದೇ ಕೋಣೆ ಇರುತ್ತಿತ್ತು. ಅದರಲ್ಲಿ ಗಂಡಸರು, ಹೆಣ್ಣುಮಕ್ಕಳು, ತಬಲಾ, ಪೆಟ್ಟಿಗೆ, ನಾಟಕದ ಕತ್ತಿ ಗುರಾಣಿ ಎಲ್ಲ. ನಡುವೆ ಸೀರೆ ಕಟ್ಟಿ ಮರೆ ಮಾಡುತ್ತಿದ್ದೆವು. ಒಂದೂರಿನಲ್ಲಿ ನಮ್ಮ ನಾಯಕಿಯ ಪಾತ್ರದವರು ರಸ್ತೆ ದಾಟಿ ಎದುರು ಮನೆಯವ್ವನ ಬಚ್ಚಲಿಗೆ ಹೋಗಿ ಸೀರೆ ಬದಲಿಸಿ ಬಂದರು. ಹೆಣ್ಣುಮಕ್ಕಳು ನಾಟಕಕ್ಕೆ ಯಾಕೆ ಬರುವುದಿಲ್ಲ ಎಂದು ನಾವು ಭಾಷಣ ಮಾಡುತ್ತೇವೆ. ಅವರಿಗೊಂದು ಚಿಲಕ ಇರುವ ಕೋಣೆ ಕಟ್ಟಿಕೊಟ್ಟಿದ್ದೇವೆಯೇ?

ಭರತನ ಇನ್ನೊಂದು ಮಾತು ನನಗೆ ಬಹಳ ಇಷ್ಟ. ನಾಟ್ಯಮಂಟಪ ಬೆಟ್ಟದ ಗುಹೆಯಂತಿರಬೇಕು, ಕಿಟಕಿ ಸಣ್ಣವಿರಬೇಕು, ಗಾಳಿ ಬೀಸಬಾರದು, ಆಗ ದನಿ ಗಂಭೀರವಾಗುತ್ತದೆ. ಸದ್ದಿನ ಲೆಕ್ಕಾಚಾರ ಇಲ್ಲದ ಕಾಲದಲ್ಲಿ ಕಿವಿಯೊಂದನ್ನೇ ನಂಬಿ ಹೇಳಿದ ಮಾತು ಅದು.

ಲೆಕ್ಕಾಚಾರ ಬಂದದ್ದು ಬಹಳ ತಡವಾಗಿ, ಅಮೆರಿಕದಲ್ಲಿ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಮ್ಮಿನಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸದ ಹಾಲಿನಲ್ಲಿ ಮೇಷ್ಟ್ರು ಹೇಳಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನು ಸರಿಮಾಡುವ ಕೆಲಸ ವಾಲೆಸ್ ಸಬೈನ್ ಎಂಬ ತರುಣ ಭೌತಶಾಸ್ತ್ರಜ್ಞನಿಗೆ ಬಂತು. ಆತ ರಾತ್ರಿ ಊರೆಲ್ಲ ಮಲಗಿದ ಮೇಲೆ ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಪೂರ್ತಿ ಅಡಗುವ ತನಕ ಗಡಿಯಾರ ಹಿಡಿದು ಕೂತ. ಖಾಲಿ ಹಾಲಿನಲ್ಲಿ ಐದೂವರೆ ಸೆಕೆಂಡು! ಆಮೇಲೆ ಹತ್ತಿರದ ಸ್ಯಾಂಡರ್ಸ್ ಥಿಯೇಟರಿನಿಂದ ಕುರ್ಚಿಯ ದಿಂಬುಗಳನ್ನು ಹೊರಿಸಿ ತಂದು, ಅಷ್ಟಷ್ಟೇ ಇಡುತ್ತ, ಪ್ರತಿ ಸಲವೂ ಅಳೆದ. ಬೆಳಗಾಗುವ ಮುಂಚೆ ದಿಂಬುಗಳೆಲ್ಲ ತಮ್ಮ ಜಾಗಕ್ಕೆ ವಾಪಸು ಹೋಗಬೇಕಿತ್ತು. ತಾನು ತೊಟ್ಟ ಬಟ್ಟೆ ಬದಲಾದರೂ ಅಳತೆ ಬದಲಾಗುತ್ತದೆ ಎಂದು ಗೊತ್ತಾದಾಗ, ಅಲ್ಲಿಯವರೆಗಿನ ಎಷ್ಟೋ ಅಳತೆಗಳನ್ನು ಬದಿಗೆ ಸರಿಸಿ ಮತ್ತೆ ಶುರು ಮಾಡಿದ. ಅಂಥ ಶ್ರದ್ಧೆಯಿಂದ ಹುಟ್ಟಿದ್ದು ಇಂದಿಗೂ ನಾವು ಬಳಸುವ ಸೂತ್ರ. ಹಾಲಿನ ಒಳಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ಶಕ್ತಿಯಿಂದ ಭಾಗಿಸಿದರೆ ಅನುರಣನದ ಕಾಲ ಸಿಗುತ್ತದೆ. ಸದ್ದಿನ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಹಿಡಿಯುವ ಹೊತ್ತು ಅದು. ಹೀರುವ ಶಕ್ತಿಯನ್ನು ಸಬೈನ್ ತೆರೆದ ಕಿಟಕಿಯ ಲೆಕ್ಕದಲ್ಲಿ ಅಳೆದ. ಒಂದು ಚದರ ಮೀಟರ್ ತೆರೆದ ಕಿಟಕಿ ತನ್ನ ಮೇಲೆ ಬಿದ್ದ ಸದ್ದನ್ನೆಲ್ಲ ಹೊರಗೆ ಬಿಡುತ್ತದಲ್ಲ, ಅದೇ ಒಂದು ಮಾನ. ಈ ಸೂತ್ರದ ಬಲದಿಂದ 1900ರಲ್ಲಿ ಎದ್ದ ಬಾಸ್ಟನ್ ಸಿಂಫನಿ ಹಾಲ್ ಇವತ್ತಿಗೂ ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳ ಸಾಲಿನಲ್ಲಿದೆ.

ಈಗ ವಿದ್ಯಾರ್ಥಿಗಳು ಪೆನ್ನು ತೆಗೀರಿ, ನಮ್ಮ ಊರಿನ ಲೆಕ್ಕ ಮಾಡೋಣ. 600 ಜನ ಕೂರುವ ಹಾಲು. ಮಾತಿನ ನಾಟಕಕ್ಕೆ ತಲೆಗೆ ನಾಲ್ಕು ಘನ ಮೀಟರ್ ಗಾಳಿ ಇಟ್ಟರೆ ಸಾಕು, ಒಟ್ಟು 2400. ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಅನುರಣನ ಒಂದು ಸೆಕೆಂಡಿನ ಆಸುಪಾಸು ಇರಬೇಕು. ಸೂತ್ರಕ್ಕೆ ಹಾಕಿದರೆ ಸುಮಾರು 386 ಚದರ ಮೀಟರ್ ತೆರೆದ ಕಿಟಕಿಯಷ್ಟು ಹೀರುವ ಶಕ್ತಿ ಬೇಕು. ಕೂತ ಒಬ್ಬ ಮನುಷ್ಯ ಸುಮಾರು 0.45 ಹೀರುತ್ತಾನೆ. 600 ಜನರಿಂದ 270 ಆಯಿತು. ಉಳಿದ 116 ಪರದೆ, ಹಿಂಗೋಡೆ, ಚಾವಣಿಯಿಂದ ಬರಬೇಕು. ಬಂತು ಅಂದುಕೊಳ್ಳಿ, ಹೌಸ್‌ಫುಲ್ ದಿನ ಹಾಲು ಚೆನ್ನಾಗಿ ಕೇಳಿತು. ಮರುದಿನ ಬಂದವರು ನೂರೇ ಜನ, ಕುರ್ಚಿ ಪ್ಲಾಸ್ಟಿಕ್ಕಿನದು. ಪ್ಲಾಸ್ಟಿಕ್ ಏನೂ ಹೀರುವುದಿಲ್ಲ. ಆಗ ಒಟ್ಟು ಶಕ್ತಿ 161ಕ್ಕೆ ಇಳಿಯಿತು, ಅನುರಣನ 2.4 ಸೆಕೆಂಡಿಗೆ ಏರಿತು. ನಾವು ಸೆಕೆಂಡಿಗೆ ಐದಾರು ಅಕ್ಷರ ಆಡುತ್ತೇವೆ. ಅಂದರೆ ನಟ ಹನ್ನೆರಡನೆಯ ಅಕ್ಷರ ನುಡಿಯುವಾಗ ಮೊದಲನೆಯದು ಇನ್ನೂ ಗಾಳಿಯಲ್ಲಿ ತೇಲುತ್ತಿರುತ್ತದೆ.

ಇದರಲ್ಲಿ ಕನ್ನಡಕ್ಕೆ ಆಗುವ ಪೆಟ್ಟು ಬೇರೆಯೇ. ನಮ್ಮ ಭಾಷೆಯಲ್ಲಿ ಅರ್ಥ ಇರುವುದು ಪದದ ಬಾಲದಲ್ಲಿ. ಬರ್ತಾನ, ಬರ್ತಾಳ, ಬರ್ತಾರ. ಮನೆಯಲ್ಲಿ, ಮನೆಯಿಂದ, ಮನೆಗೆ. ಬಂದವನು ಗಂಡಸೋ ಹೆಂಗಸೋ, ಹೊರಟದ್ದೋ ಸೇರಿದ್ದೋ, ಎಲ್ಲ ಕೊನೆಯ ಅಕ್ಷರದಲ್ಲಿ. ವಾಕ್ಯದಲ್ಲೂ ಹಾಗೇ, ಕ್ರಿಯಾಪದ ಕೊನೆಗೆ ಬರುತ್ತದೆ. ಹೌದು, ಇಲ್ಲ ಎಂಬುದು ಕೂಡ ಕೊನೆಗೇ ತೀರ್ಮಾನ. ಮುಂಚೆ ಆಡಿದ ಅಕ್ಷರಗಳ ಗುಂಯ್‌ಗಾಟ ಬಂದು ಬೀಳುವುದು ಇದೇ ಬಾಲದ ಮೇಲೆ. ಅದಕ್ಕೇ ನಮ್ಮ ಹಾಲುಗಳಲ್ಲಿ ಹಿಂದೆ ಕೂತವರು, "ದನಿ ಬರ್ಲಾಕತ್ತದ, ಮಾತು ಕೇಳಿಸವಲ್ತು" ಅನ್ನುತ್ತಾರೆ. ಅಷ್ಟು ಚೆನ್ನಾಗಿ ರೋಗವನ್ನು ಯಾವ ಎಂಜಿನಿಯರೂ ಹೇಳಲಾರ. ಮೈಕ್ ಇದೆಯಲ್ಲ ಎಂದರೆ, ಮೈಕ್ ದನಿಯನ್ನು ದೊಡ್ಡದು ಮಾಡುತ್ತದೆ, ಜೊತೆಗೆ ಗುಂಯ್‌ಗಾಟವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಮಸಿ ಹಿಡಿದ ಕನ್ನಡಿಯ ಮುಂದೆ ದೊಡ್ಡ ದೀಪ ಹಚ್ಚಿದರೆ ಮುಖ ಕಂಡೀತೆ?

ನಮ್ಮ ಸುತ್ತ ಸಿಗುವುದೆಲ್ಲ ಗಟ್ಟಿ ಸಾಮಾನು. ಶಹಾಬಾದಿನ ಫರ್ಸಿ, ಗಾರೆಯ ಗೋಡೆ, ಗ್ರಾನೈಟು, ಗಾಜು. ಇವೆಲ್ಲ ಸದ್ದನ್ನು ಚೆಂಡಿನಂತೆ ಪುಟಿಸುತ್ತವೆ. ಫರ್ಸಿಯನ್ನು ನಾನು ದೂರುವುದಿಲ್ಲ. ಅದು ನಮ್ಮ ನೆಲದ ಕಲ್ಲು, ಬೇಸಿಗೆಯಲ್ಲಿ ಪಾದಕ್ಕೆ ತಂಪು, ಫೋಯರಿನಲ್ಲಿ ಹಾಸಿ, ಕಟ್ಟೆಗೆ ಹಾಸಿ. ಹಾಲಿನ ಹಿಂಗೋಡೆಗೆ ಮಾತ್ರ ಮೆತ್ತನೆಯದು ಬೇಕು. ಹಿಂಗೋಡೆ ರಂಗದಿಂದ ಇಪ್ಪತ್ತು ಮೀಟರ್ ದೂರವಿದ್ದರೆ ಸದ್ದು ಹೋಗಿ ಬರಲು ನಲವತ್ತು ಮೀಟರ್, ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು. ಇಪ್ಪತ್ತನೇ ಒಂದು ಭಾಗ ದಾಟಿದರೇ ಕಿವಿ ಅದನ್ನು ಎರಡನೆಯ ಮಾತಾಗಿ ಕೇಳುತ್ತದೆ. ಮುಂದಿನ ಸಾಲಿನಲ್ಲಿ ಕೂತ ಹಿರಿಯರಿಗೆ ಪ್ರತಿ ಮಾತೂ ಎರಡು ಸಲ. ಗೋಡೆ ಬಟ್ಟಲಿನ ಒಳಮೈಯಂತೆ ಬಾಗಿದ್ದರಂತೂ ಸದ್ದೆಲ್ಲ ಒಂದೇ ಕಡೆ ಬಂದು ಗುಡ್ಡೆ ಬೀಳುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಮತ್ತೆ ಮತ್ತೆ ಕೇಳುವುದು ಮಕ್ಕಳಿಗೆ ಸಂಭ್ರಮ, ನಟನಿಗೆ ಅದೇ ಶಿಕ್ಷೆ. ಒಂದು ಸಲ ತಾಲೀಮಿಗೆ ಸಿಕ್ಕ ಹಾಲು ಹೀಗೇ ಗುಂಯ್‌ಗುಡುತ್ತಿತ್ತು. ಎಲ್ಲರ ಮನೆಯಿಂದ ಕೌದಿ, ಕಂಬಳಿ ತರಿಸಿ ಹಿಂಗೋಡೆಯಿಂದ ಒಂದು ಗೇಣು ಬಿಟ್ಟು ತೂಗುಹಾಕಿದೆವು. ಗೋಡೆಗೆ ಅಂಟಿಸಿದ್ದಕ್ಕಿಂತ ಹಿಂದೆ ಗಾಳಿ ಬಿಟ್ಟು ತೂಗಿದ್ದು ಹೆಚ್ಚು ಹೀರುತ್ತದೆ. ಹತ್ತು ನಿಮಿಷದಲ್ಲಿ ಹಾಲು ಬೇರೆಯೇ ಆಯಿತು. ಅಜ್ಜಿಯರ ಹಳೇ ಸೀರೆಯ ಹೊಲಿಗೆ ನಮ್ಮ ಮಾತನ್ನು ಕಾಪಾಡಿತು. ಕಾಯಂ ಕಟ್ಟಡಕ್ಕೆ ಬೆಂಕಿ ತಡೆಯುವ ಸಾಮಗ್ರಿಯೇ ಆಗಬೇಕು, ಅದನ್ನು ಮರೆಯಬೇಡಿ. ಕುರ್ಚಿಗೆ ಒಳ್ಳೇ ಮೆತ್ತೆ ಇದ್ದರೆ ಖಾಲಿ ಕುರ್ಚಿ ಕೂಡ ಕೂತ ಮನುಷ್ಯನಿಗೆ ಹತ್ತಿರ ಹತ್ತಿರ ಹೀರುತ್ತದೆ. ಆಗ ನೂರು ಜನ ಬಂದ ದಿನವೂ ಹಾಲು ಕೈಕೊಡುವುದಿಲ್ಲ.

ಇನ್ನು ರಂಗದ ವಿಷಯ. ನಮ್ಮಲ್ಲಿ ಹೆಚ್ಚಿನವು ಸಭೆಗೆಂದು ಕಟ್ಟಿದ ವೇದಿಕೆಗಳು. ಗೋಡೆಯಿಂದ ಗೋಡೆಗೆ ಅಗಲ, ಮೂವತ್ತು ಕುರ್ಚಿ ಹಾಕಿ ಗಣ್ಯರನ್ನು ಕೂರಿಸಲು ಅನುಕೂಲ. ಎತ್ತರ ಐದಡಿ. ಮುಂದಿನ ಸಾಲಿನವರಿಗೆ ಕುಣಿಯುವವರ ಪಾದ ಕಾಣುವುದಿಲ್ಲ. ಪಾದ ಕಾಣದ ಭರತನಾಟ್ಯ ಏನು ನೋಡುವುದು! ನಾಟಕಕ್ಕೆ ಮೂರಡಿ ಎತ್ತರ ಸಾಕು. ಅಗಲಕ್ಕಿಂತ ಹೆಚ್ಚಾಗಿ ಮರೆ ಬೇಕು. ಕಾಣುವ ರಂಗ 36 ಅಡಿ ಇದ್ದರೆ ಎಡಕ್ಕೆ ಹದಿನೆಂಟು, ಬಲಕ್ಕೆ ಹದಿನೆಂಟು ಅಡಿ ಕಾಣದ ರಂಗ ಬೇಕು. ಮುಂದಿನ ದೃಶ್ಯದ ಮಂಚ ಅಲ್ಲಿ ಕಾಯಬೇಕು, ಹತ್ತು ಜನ ಸೈನಿಕರು ಅಲ್ಲಿ ಉಸಿರು ಬಿಗಿಹಿಡಿದು ನಿಲ್ಲಬೇಕು. ಎಡದಿಂದ ಬಲಕ್ಕೆ ಪ್ರೇಕ್ಷಕರ ಕಣ್ಣಿಗೆ ಬೀಳದೆ ದಾಟಲು ಹಿಂದೊಂದು ಓಣಿ ಬೇಕು. ಅದಿಲ್ಲದ ಕಡೆ ನಮ್ಮ ಹುಡುಗರು ಹಿಂದಿನ ಬಾಗಿಲಿಂದ ಹೊರಬಿದ್ದು, ಕಟ್ಟಡ ಸುತ್ತುಹಾಕಿ, ಮಳೆಯಲ್ಲಿ ತೊಯ್ದು ರಾಜನ ಆಸ್ಥಾನಕ್ಕೆ ಬಂದದ್ದಿದೆ.

ಮೇಲಕ್ಕೂ ಜಾಗ ಬೇಕು. ಸೀನು, ಅಂದರೆ ಚಿತ್ರ ಬರೆದ ಪರದೆ, ಪೂರ್ತಿ ಮೇಲೆ ಹಾರಿ ಮರೆಯಾಗಬೇಕಾದರೆ ಕಾಣುವ ಎತ್ತರದ ಎರಡೂವರೆ ಪಟ್ಟಾದರೂ ಮಾಳಿಗೆ ಎತ್ತರ ಇರಬೇಕು. ಇಪ್ಪತ್ತಡಿಯ ರಂಗಕ್ಕೆ ಐವತ್ತಡಿಯ ಗೋಪುರ. ದೊಡ್ಡ ರಂಗಮಂದಿರಗಳನ್ನು ದೂರದಿಂದ ನೋಡಿದರೆ ಹಿಂಭಾಗದಲ್ಲಿ ಪೆಟ್ಟಿಗೆಯಂತೆ ಎದ್ದು ಕಾಣುವುದು ಅದೇ. ನಮ್ಮ ಕಂಪನಿ ನಾಟಕದವರಿಗೆ ಇಂಥ ಗೋಪುರ ಎಲ್ಲಿಂದ ಬರಬೇಕು? ತಗಡಿನ ಥಿಯೇಟರು, ಜಾತ್ರೆ ಮುಗಿದರೆ ಬಿಚ್ಚಿ ಮುಂದಿನ ಊರು. ಅವರು ಸೀನನ್ನು ಬಿದಿರಿಗೆ ಸುತ್ತಿ ಮೇಲೆತ್ತಿದರು. ರಸ್ತಾ ಸೀನು, ದರ್ಬಾರು ಸೀನು, ಕಾಡಿನ ಸೀನು, ಒಂದರ ಹಿಂದೊಂದು. ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರದಲ್ಲಿ ನಿಜವಾದ ಆನೆ, ಕುದುರೆಯನ್ನೇ ರಂಗಕ್ಕೆ ತಂದಿತ್ತು. ಆನೆ ಬರುವಷ್ಟು ಬಾಗಿಲು ಆಗಿನವರಿಗೆ ಹೊಳೆದಿತ್ತು. ನಮ್ಮ ಊರಿನ ರಂಗಮಂದಿರಕ್ಕೆ ಹೆಸರಾಗಿರುವ ಎಸ್.ಎಂ. ಪಂಡಿತರು, 1916ರಲ್ಲಿ ಇಲ್ಲೇ ಹುಟ್ಟಿದವರು, ಪುರಾಣದ ಚಿತ್ರಗಳಿಂದ, ಸಿನಿಮಾ ಪೋಸ್ಟರುಗಳಿಂದ ದೇಶಕ್ಕೆಲ್ಲ ಗೊತ್ತಾದವರು. ಕಣ್ಣನ್ನು ದೂರದಿಂದಲೇ ಹಿಡಿದು ನಿಲ್ಲಿಸುವ ಅವರ ಬಣ್ಣ ನೋಡಿದಾಗಲೆಲ್ಲ ನನಗೆ ನೆನಪಾಗುವುದು ಕಂಪನಿ ನಾಟಕದ ಸೀನುಗಳೇ.

ಈಗ ಅಮೆರಿಕದ ಡಲ್ಲಾಸಿಗೆ ಹೋಗಿಬರೋಣ. ಆ ಊರು ಆರಿಸಿದ್ದಕ್ಕೆ ಕಾರಣ ಬಿಸಿಲು. ಅಲ್ಲೂ ಬೇಸಿಗೆಯಲ್ಲಿ ನಮ್ಮಂತೆಯೇ ನಲವತ್ತರ ಹತ್ತಿರ ಏರುತ್ತದೆ. ಊರ ನಡುಮಧ್ಯದಲ್ಲಿ 2009ರಲ್ಲಿ ಒಂದು ಕಲಾಕೇಂದ್ರ ತೆರೆಯಿತು. ಅದರಲ್ಲಿ ಎರಡು ಮುಖ್ಯ ಕಟ್ಟಡ. ಒಂದು ವಿನ್‌ಸ್ಪಿಯರ್ ಆಪೆರಾ ಹೌಸ್, ಸುಮಾರು 2200 ಆಸನ, ನಾರ್ಮನ್ ಫಾಸ್ಟರ್ ಅವರ ಸಂಸ್ಥೆಯ ವಿನ್ಯಾಸ. ಅದರ ಕೆಂಪು ಡ್ರಮ್ಮಿನಂಥ ಹಾಲಿಗಿಂತ ನನಗೆ ಹಿಡಿಸಿದ್ದು ಹೊರಗಿನ ಚಪ್ಪರ. ಸೂರ್ಯನ ದಾರಿ ನೋಡಿ ಓರೆಯಾಗಿ ಜೋಡಿಸಿದ ಅಲ್ಯೂಮಿನಿಯಂ ಪಟ್ಟಿಗಳ ಚಪ್ಪರ, ಸುಮಾರು ಮೂರು ಎಕರೆಯಷ್ಟು ನೆರಳು. ಟಿಕೆಟ್ ಇಲ್ಲದವರೂ ಅಲ್ಲಿ ಬಂದು ಕೂರಬಹುದು.

ಎರಡನೆಯದು ವೈಲಿ ಥಿಯೇಟರ್, ಸುಮಾರು 600 ಜನರದು, ನಮ್ಮ ಅಳತೆಯದು. ವಿನ್ಯಾಸ ಮಾಡಿದವರು ಜೋಶುವಾ ಪ್ರಿನ್ಸ್ ರಾಮಸ್ ಮತ್ತು ರೆಮ್ ಕೂಲ್‌ಹಾಸ್. ರೂಢಿಯ ರಂಗಮಂದಿರದಲ್ಲಿ ಮುಂದೆ ಫೋಯರ್, ನಡುವೆ ಹಾಲು, ಹಿಂದೆ ನೇಪಥ್ಯ ಅಲ್ಲವೇ? ಇವರು ಅದನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರು. ಫೋಯರ್ ಕೆಳಗೆ, ನೆಲದ ಮಟ್ಟದಲ್ಲಿ ರಂಗ, ತಾಲೀಮಿನ ಕೋಣೆ, ಕಚೇರಿ, ಉಡುಪಿನ ಕೋಣೆ ಎಲ್ಲ ಮೇಲೆ. ಹನ್ನೆರಡು ಅಂತಸ್ತು. ಇದರಿಂದ ರಂಗದ ಸುತ್ತ ಯಾವ ಕೋಣೆಯ ಕಾಟವೂ ಉಳಿಯಲಿಲ್ಲ. ಬೇಕೆಂದಾಗ ಪರದೆ ಸರಿಸಿದರೆ ಗಾಜಿನಾಚೆ ರಸ್ತೆ, ಮರ, ಓಡಾಡುವ ಜನ ಕಾಣುತ್ತಾರೆ. ಕುರ್ಚಿಯ ಸಾಲುಗಳನ್ನೇ ಮೇಲೆತ್ತಿ ಮರೆಮಾಡಿ, ಕೆಲವೇ ಗಂಟೆಗಳಲ್ಲಿ ಚೌಕಟ್ಟಿನ ರಂಗವನ್ನು ಬಯಲು ರಂಗ ಮಾಡಿಕೊಳ್ಳಬಹುದು. ಅಷ್ಟೊಂದು ಯಂತ್ರ ನಮಗೆ ಬೇಡ. ಯಂತ್ರ ಕೆಟ್ಟರೆ ರಿಪೇರಿಗೆ ಯಾರು ಬರಬೇಕು? ಆದರೆ ಆ ಯೋಚನೆ ನಮಗೆ ಬೇಕು. ದೊಡ್ಡಾಟ, ಸಣ್ಣಾಟ ಆಡುವ ನಾಡು ನಮ್ಮದು. ಮೂರೂ ಕಡೆ ಜನ ಕೂತು ನೋಡುವ ಆಟ ಅವು. ಅವನ್ನು ತಂದು ಚೌಕಟ್ಟಿನೊಳಗೆ ನಿಲ್ಲಿಸಿದರೆ ನೀರಿಂದ ತೆಗೆದ ಮೀನಾಗುತ್ತವೆ. ದೊಡ್ಡ ಹಾಲಿನ ಪಕ್ಕದಲ್ಲಿ ಒಂದು ಖಾಲಿ ಕೋಣೆ, ಐವತ್ತಡಿಗೆ ಐವತ್ತಡಿ, ಕಪ್ಪು ಗೋಡೆ, ಸಪಾಟು ನೆಲ, ಮೇಲೆ ಎಲ್ಲಿ ಬೇಕಾದರೂ ಲೈಟು ಕಟ್ಟಲು ಪೈಪಿನ ಜಾಲ, ಎಳೆದು ಜೋಡಿಸುವ ಮೆಟ್ಟಿಲು. ಇಷ್ಟಿದ್ದರೆ ಸಣ್ಣಾಟಕ್ಕೂ ಆಯಿತು, ಕಾಲೇಜು ಹುಡುಗರ ಮೊದಲ ನಾಟಕಕ್ಕೂ ಆಯಿತು. ನೂರೈವತ್ತು ಜನ ಬಂದರೂ ತುಂಬಿದ ಹಾಲು ಅನಿಸುತ್ತದೆ. ಬೆಂಗಳೂರಿನ ರಂಗಶಂಕರ 2004ರಲ್ಲಿ ಶುರುವಾದಾಗ ಸಾವಿರ ಕುರ್ಚಿ ಹಾಕಲಿಲ್ಲ. ಮುನ್ನೂರು ಚಿಲ್ಲರೆ ಆಸನ, ಜನರ ನಡುವೆ ಚಾಚಿದ ರಂಗ. ನಟ ಪಿಸುಗುಟ್ಟಿದ್ದು ಕೊನೆಯ ಸಾಲಿಗೆ ಮುಟ್ಟುತ್ತದೆ.

ಬಿಸಿಲಿನ ಪಾಠ ಕಲಿಯಲು ಡಲ್ಲಾಸಿನ ತನಕ ಹೋಗಬೇಕಿಲ್ಲ, ನಮ್ಮ ಕೋಟೆಯೊಳಗೇ ಇದೆ. 1367ರಲ್ಲಿ ಮುಗಿದ ಜಾಮಾ ಮಸೀದಿ, 216 ಅಡಿಗೆ 176 ಅಡಿ. ಸಾಮಾನ್ಯವಾಗಿ ಇಂಥಲ್ಲಿ ನಡುವೆ ಬಯಲು ಅಂಗಳ ಇರುತ್ತದೆ. ಇಲ್ಲಿ ಅಂಗಳವನ್ನೇ ಬಿಟ್ಟು ಪೂರ್ತಿ ಚಾವಣಿ ಹಾಕಿದ್ದಾರೆ. ಬದಿಯ ಮೊಗಸಾಲೆಗಳ ಕಮಾನುಗಳು ಅಗಲ, ಕಂಬಗಳು ಗಿಡ್ಡ. ಬೆಳಕು ಆ ತೆರೆದ ಬದಿಗಳಿಂದ ತಗ್ಗಿ, ತಣ್ಣಗಾಗಿ ಒಳಗೆ ಬರುತ್ತದೆ. ಮೇ ತಿಂಗಳ ಮಧ್ಯಾಹ್ನ ಒಳಗೆ ಹೋಗಿ ನಿಂತವರಿಗೆ ಗೊತ್ತು, ಮೈಮೇಲಿನ ಬಿಸಿಲು ಇಳಿದುಹೋಗುತ್ತದೆ. ನಮ್ಮ ರಂಗಮಂದಿರದ ಮುಂಭಾಗಕ್ಕೆ ಗಾಜಿನ ಗೋಡೆ ಯಾಕೆ ಬೇಕು? ಲಾಸ್ ಏಂಜಲೀಸಿನ ಡಿಸ್ನಿ ಕನ್ಸರ್ಟ್ ಹಾಲ್, ಫ್ರಾಂಕ್ ಗೆಹ್ರಿಯವರ ಬಲು ಪ್ರಸಿದ್ಧ ಕಟ್ಟಡ, 2003ರದು. ಅದರ ಹೊಳೆಯುವ ಉಕ್ಕಿನ ಹೊದಿಕೆಯಿಂದ ಬಿಸಿಲು ಪುಟಿದು ಎದುರಿನ ಮನೆಗಳು ಕಾಯತೊಡಗಿ, ಕೊನೆಗೆ 2005ರಲ್ಲಿ ಕೆಲವು ಭಾಗಗಳನ್ನು ಉಜ್ಜಿ ಹೊಳಪು ತೆಗೆಯಬೇಕಾಯಿತು. ನಮಗೆ ಬೇಕಾದದ್ದು ಆಳವಾದ ಕಮಾನಿನ ಮೊಗಸಾಲೆ, ಫರ್ಸಿಯ ಕಟ್ಟೆ, ಒಂದು ಬೇವಿನ ಮರ.

ಒಳಗಿನ ತಂಪಿನ ಬಗ್ಗೆ ಒಂದೇ ಮಾತು: ಫ್ಯಾನಿನ ಸದ್ದೋ ನಟನ ಮಾತೋ ಎಂದು ಪ್ರೇಕ್ಷಕ ಆರಿಸಿಕೊಳ್ಳುವಂತೆ ಆಗಬಾರದು. ಎಸಿ ಕೊಳವೆ ದೊಡ್ಡದಿರಲಿ, ಗಾಳಿ ನಿಧಾನ ಬರಲಿ, ಯಂತ್ರ ಮತ್ತು ಜನರೇಟರು ಹಾಲಿನ ಗೋಡೆಗೆ ತಾಗದೆ ಬೇರೆ ಪಾಯದ ಮೇಲೆ ನಿಲ್ಲಲಿ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಟ್ರಾಮು, ವಾಹನಗಳ ಅದುರು ತಟ್ಟದಂತೆ 1996ರಲ್ಲಿ ಇಡೀ ಬ್ರಿಜ್‌ವಾಟರ್ ಹಾಲನ್ನೇ ಸ್ಪ್ರಿಂಗುಗಳ ಮೇಲೆ ಕೂರಿಸಿದ್ದಾರೆ. ನಾವು ಜನರೇಟರನ್ನಾದರೂ ರಬ್ಬರಿನ ಮೇಲೆ ಕೂರಿಸೋಣ.

ಬಾಗಿಲುಗಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 1903ರ ಡಿಸೆಂಬರ್ 30ರಂದು ಷಿಕಾಗೋದ ಇರೋಕ್ವಾ ಥಿಯೇಟರಿನಲ್ಲಿ ರಂಗದ ಲೈಟಿನಿಂದ ಬೆಂಕಿ ಹತ್ತಿ 602 ಜನ ಸತ್ತರು. ಬೀಗ ಹಾಕಿದ ಬಾಗಿಲು, ಒಳಕ್ಕೆ ತೆರೆಯುವ ಬಾಗಿಲು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ. ಬಾಲ್ಕನಿಯ ದಾರಿಗೆ ಅಡ್ಡಲಾಗಿ ಕುರ್ಚಿ ಹಾಕಿದ್ದರು. ಹಾಲಿನ ಬಾಗಿಲು ಹೊರಕ್ಕೇ ತೆರೆಯಬೇಕು, ಆಟ ನಡೆಯುವಾಗ ಬೀಗ ಇರಬಾರದು. ಹಾಕಿದ ಬೀಗ ಕಂಡರೆ ಆಟ ನಿಲ್ಲಿಸಿ ತೆಗೆಸಿ. ಮುಲಾಜು ಬೇಡ.

ಇಂಥ ಕಟ್ಟಡ ಊರ ಹೊರಗೆ, ರಿಂಗ್ ರೋಡಿನಾಚೆ ಅಗ್ಗದ ಜಾಗದಲ್ಲಿ ಕಟ್ಟೋಣ ಎಂಬ ಮಾತು ಯಾವಾಗಲೂ ಬರುತ್ತದೆ. ಕಾರಿದ್ದವರಿಗೆ ಅದು ಸರಿ. ಆಳಂದ, ಜೇವರ್ಗಿ, ಅಫಜಲಪುರದ ಕಡೆಯಿಂದ ಬಂದವರು ರಾತ್ರಿ ಕೊನೆಯ ಬಸ್ಸು ಹಿಡಿಯಬೇಕು. ಟ್ಯೂಷನ್ ಮುಗಿಸಿಕೊಂಡು ಬರುವ ಹುಡುಗಿ ಬೆಳಕಿದ್ದ ರಸ್ತೆಯಲ್ಲೇ ಮನೆಗೆ ಹೋಗಬೇಕು. ಜಗತ್ ಸರ್ಕಲ್ಲು, ಸೂಪರ್ ಮಾರ್ಕೆಟ್ಟಿನಿಂದ ನಡೆದು ಬರುವಷ್ಟು ದೂರದಲ್ಲಿದ್ದರೆ ಬಟ್ಟೆ ಅಂಗಡಿ ಮುಚ್ಚಿದ ಗುಮಾಸ್ತನೂ ಬಂದು ಕೂರುತ್ತಾನೆ. ಆಟಕ್ಕೆ ಮುಂಚೆ ಒಂದು ತಟ್ಟೆ ಸುಸಲಾ, ಮಿರ್ಚಿ ಭಜಿ, ಅರ್ಧ ಕಪ್ ಚಾ. ಆಟ ಮುಗಿದ ಮೇಲೆ ಅದೇ ಕಟ್ಟೆಯ ಮೇಲೆ ಜಗಳ: ಆ ಪಾತ್ರ ಹಾಗೆ ಸಾಯಬೇಕಿತ್ತೋ ಇಲ್ಲವೋ. ಈ ಕಟ್ಟೆಯನ್ನೂ ನಕ್ಷೆಯಲ್ಲಿ ಬರೆಯಬೇಕು.

ಮಾತು ಮುಗಿದ ಮೇಲೆ ಕಂಪನಿಯಲ್ಲಿ ಪಾರ್ಟು ಮಾಡಿದ್ದ ಹಿರಿಯರೊಬ್ಬರು ಎದ್ದು, "ನೀವು ಗ್ವಾಡಿ ಬಗ್ಗೆ ಹೇಳಿದ್ರಿ, ಮಾಳಿಗಿ ಬಗ್ಗೆ ಹೇಳಲಿಲ್ಲ. ನಮ್ಮ ತಗಡಿನ ಥೇಟರ್ ಮ್ಯಾಲ ಮಳಿ ಬಿತ್ತಂದ್ರ ಮಾತು ನಿಲ್ಲಿಸಿ ಹಾಡು ಹಚ್ತಿದ್ವಿ. ಹಾಡಿನ ದನಿ ಮಳೀ ದಾಟಿ ಹೋಗ್ತಿತ್ತು" ಅಂದರು. ಅವರ ಮಾತಿಗೆ ಕೈಮುಗಿದೆ. ಈಗ ಅಗ್ಗವೆಂದು ದೊಡ್ಡ ಹಾಲುಗಳಿಗೂ ಒಂದೇ ಪದರ ಶೀಟು ಹೊದಿಸುತ್ತಾರೆ. ಶೀಟೇ ಹಾಕುವುದಾದರೆ ಎರಡು ಪದರ ಹಾಕಿ, ನಡುವೆ ದಪ್ಪ ಉಣ್ಣೆಯಂಥ ಹಾಸು ತುಂಬಬೇಕು. ಮಳೆಯ ಸದ್ದೂ ತಡೆಯುತ್ತದೆ, ಬಿಸಿಲೂ ತಡೆಯುತ್ತದೆ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ, ಹೊಸಾದು ಕಟ್ಟೋತನಕ ಇದ್ದ ಹಾಲಿಗೆ ಏನೂ ಮಾಡ್ಲಾಕ ಬರಲ್ಲೇನ್ರಿ?"

ಬರ್ತದವ್ವ. ಮೊದಲು ಅಳೆಯಬೇಕು. ಖಾಲಿ ಹಾಲಿನಲ್ಲಿ ರಂಗದ ಮೇಲೆ ನಿಂತು ಒಂದು ದೊಡ್ಡ ಬಲೂನು ಒಡೆಯುವುದು, ಕೊನೆಯ ಸಾಲಿನಲ್ಲಿ ಮೊಬೈಲಿನಲ್ಲಿ ಸದ್ದು ಹಿಡಿಯುವುದು, ಅದು ಅಡಗಲು ಎಷ್ಟು ಹೊತ್ತು ಹಿಡಿಯಿತು ನೋಡುವುದು. ಆಮೇಲೆ ಟೇಪು ಹಿಡಿದು ಉದ್ದ, ಅಗಲ, ಎತ್ತರ. ಎಷ್ಟು ಚದರ ಮೀಟರ್ ಮೆತ್ತನೆ ಹಾಸು ಬೇಕು ಎಂಬುದು ಅರ್ಧ ಗಂಟೆಯಲ್ಲಿ ಕಾಗದದ ಮೇಲೆ ಬರುತ್ತದೆ. ಹಿಂದಿನ ಗೋಡೆ ಒಡೆದು ಎಂಟಡಿ ಅಗಲ, ಹನ್ನೆರಡಡಿ ಎತ್ತರದ ಒಂದು ಬಾಗಿಲು, ಅದರ ಹೊರಗೆ ಲಾರಿಯ ತಳದ ಮಟ್ಟಕ್ಕೆ ಒಂದು ಕಟ್ಟೆ. ಬಣ್ಣದ ಕೋಣೆಗೆ ನಡುವೆ ಒಂದು ಇಟ್ಟಿಗೆ ಗೋಡೆ, ಎರಡೂ ಕಡೆ ಚಿಲಕ, ಎರಡೂ ಕಡೆ ನಳ. ಇಷ್ಟಕ್ಕೆ ಹೊಸ ಕಟ್ಟಡ ಬೇಕಿಲ್ಲ. ಬರುವ ರವಿವಾರ ಬೆಳಿಗ್ಗೆ ಏಳಕ್ಕೆ, ಊರಿನ ಗದ್ದಲ ಶುರುವಾಗುವ ಮುಂಚೆ, ಇದೇ ಹಾಲಿನಿಂದ ಶುರು ಮಾಡೋಣ. ಬಲೂನು ನಾನು ತರುತ್ತೇನೆ. ಟೇಪು, ಮೊಬೈಲು ನೀವು ತನ್ನಿ.